ಜೋಳದ ಕಾಳಿನಷ್ಟು ತುಣುಕು

ಸವಣೂರಿನ ಹೆಸರೆತ್ತಿದೊಡನೆ ಹಿರಿಯರಿಗೆ ಎರಡು ಸಂಗತಿಗಳು ನೆನಪಾಗುತ್ತವೆ: ಒಂದು ನವಾಬರ ಕಾಲ, ಇನ್ನೊಂದು ವೀಳ್ಯದೆಲೆ. ಆ ಎಲೆಗೆ ಜೊತೆಯಾಗಲು ಹಾನಗಲ್ಲಿನ ಕಡೆಯ ತೋಟದ ಅಡಿಕೆ, ಬೆರಳ ತುದಿಯ ಸುಣ್ಣ, ಮೇಲೊಂದು ಚಿಟಿಕೆ ತಂಬಾಕು. ಬೀಗರು ಬಂದಾಗ ಎಲೆ ಅಡಿಕೆಯ ತಟ್ಟೆಯನ್ನು ಮುಂದಿಡದಿದ್ದರೆ ಮನೆತನದ ಮರ್ಯಾದೆ ಹೋದಂತೆಯೇ ಸರಿ. ಇಷ್ಟು ಸಂಭ್ರಮದ ವಸ್ತುವಿನ ವಿಷಯದಲ್ಲಿ ಕಹಿ ಮಾತನಾಡುವುದು ಯಾರಿಗೂ ಹಿತವಲ್ಲ. ಆದರೆ ಪೆಥಾಲಜಿ ತಜ್ಞರ ಸೂಕ್ಷ್ಮದರ್ಶಕಕ್ಕೆ ಮರ್ಯಾದೆಯ ಹಂಗಿಲ್ಲ.

ಹಿರೇಕೆರೂರಿನ ಕಡೆಯ ಒಬ್ಬ ಒಕ್ಕಲು ಮನೆತನದ ಯಜಮಾನರನ್ನು ಉದಾಹರಣೆಗೆ ತೆಗೆದುಕೊಳ್ಳಬಹುದು. ಹೆಸರು ಬೇಡ, ಇಂಥವರು ಯಾವ ಊರಿನ ಕಟ್ಟೆಯ ಮೇಲೂ ಕಾಣಸಿಗುತ್ತಾರೆ. ವಯಸ್ಸು ಐವತ್ತೈದರ ಆಸುಪಾಸು. ಸೊಂಟದಲ್ಲಿ ಸದಾ ಚಂಚಿ. ವರ್ಷದ ಹಿಂದೆ ಅವರ ಬಾಯಿ ಉರಿಯತೊಡಗಿತು. ಖಾರಕ್ಕಿಂತ ಬಣ್ಣಕ್ಕೇ ಹೆಸರಾದ ಬ್ಯಾಡಗಿ ಮೆಣಸಿನಕಾಯಿಯ ಚಟ್ನಿಯೂ ಬೆಂಕಿಯಾಯಿತು. ರೊಟ್ಟಿಯನ್ನು ಮಜ್ಜಿಗೆಯಲ್ಲಿ ನೆನೆಸಿ ಉಣ್ಣಬೇಕಾಯಿತು. ಮೂರು ಬೆರಳು ಹಿಡಿಯುತ್ತಿದ್ದ ಬಾಯಿ ಎರಡು ಬೆರಳಿಗೆ ಬಂದು ನಿಂತಿತು. ಒಳಗೆನ್ನೆಯಲ್ಲಿ ಒಂದು ಬಿಳಿ ಮಚ್ಚೆ, ಉಜ್ಜಿದರೂ ಹೋಗದು. ಜೇನುತುಪ್ಪ ಸವರಿದ್ದಾಯಿತು, ಅಲ್ಲಾಡದ ಹಲ್ಲೊಂದನ್ನು ಸುಮ್ಮನೆ ಕೀಳಿಸಿದ್ದಾಯಿತು. ಕೊನೆಗೆ ತಾಲೂಕು ಆಸ್ಪತ್ರೆಯ ವೈದ್ಯರು, “ಹುಬ್ಬಳ್ಳಿಗೆ ಹೋಗಿ ತುಣುಕು ತೆಗೆಸಿ ಪರೀಕ್ಷೆ ಮಾಡಿಸ್ರಿ” ಎಂದರು.

ಮನೆಯಲ್ಲಿ ಗದ್ದಲವೆದ್ದದ್ದು ಆಗ. “ಕತ್ತರಿ ತಾಗಿತೋ, ಗಂಟು ಸಿಟ್ಟಿಗೇಳ್ತದ. ಬ್ಯಾಡ” ಎಂದರು ನೆರೆಯವರು.

ಈ ಭಯ ನಮ್ಮ ಕಡೆಯಲ್ಲಿ ಎಷ್ಟು ಆಳವಾಗಿ ಬೇರುಬಿಟ್ಟಿದೆಯೆಂದರೆ ಓದಿದವರೂ ಇದಕ್ಕೆ ಹೊರತಲ್ಲ. ಅದು ಹುಟ್ಟಿದ ಬಗೆಯೂ ಊಹೆಗೆ ನಿಲುಕದ್ದಲ್ಲ. ರೋಗ ಪೂರ್ತಿ ಹಬ್ಬಿದ ಮೇಲೆ ಆಸ್ಪತ್ರೆಗೆ ಹೋದವರು ತುಣುಕು ತೆಗೆಸಿದ ಕೆಲವೇ ತಿಂಗಳಲ್ಲಿ ತೀರಿಕೊಂಡರು. ಕಂಡವರು ಸಾವಿನ ಹೊಣೆಯನ್ನು ಕತ್ತರಿಯ ಮೇಲೆ ಹೊರಿಸಿದರು, ಕಳೆದುಹೋದ ವರ್ಷವನ್ನು ಯಾರೂ ಲೆಕ್ಕಕ್ಕೆ ಹಿಡಿಯಲಿಲ್ಲ. ಕೆಲವೇ ಕೆಲವು ಅಂಗಗಳ ಗಂಟುಗಳನ್ನು ಶಸ್ತ್ರವೈದ್ಯರು ಚುಚ್ಚದೆ ಇಡಿಯಾಗಿ ತೆಗೆಯುವುದುಂಟು. ಆ ಎಚ್ಚರ ಅವರಿಗೇ ಇರುತ್ತದೆ. ಬಾಯಿಯ ಮಚ್ಚೆಯಿಂದ ಚೂರು ತೆಗೆದರೆ ರೋಗ ಕೆರಳುತ್ತದೆಂಬುದಕ್ಕೆ ಆಧಾರವಿಲ್ಲ. ತೆಗೆಯದೆ ಚಿಕಿತ್ಸೆಗೆ ತೊಡಗುವುದು ಮಾತ್ರ ಕತ್ತಲೆಯಲ್ಲಿ ಬಾಣ ಬಿಟ್ಟಂತೆ.

ತುಣುಕೆಂದರೆ ಎಷ್ಟು? ಜೋಳದ ಕಾಳಿನಷ್ಟು, ಹೆಚ್ಚೆಂದರೆ ಅವರೆಕಾಳಿನಷ್ಟು. ಮರಗಟ್ಟಿಸುವ ಚುಚ್ಚುಮದ್ದು ಕೊಟ್ಟು, ಹುಣ್ಣಿನ ಸತ್ತ ನಡುಭಾಗವನ್ನು ಬಿಟ್ಟು ಅಂಚಿನಿಂದ ತೆಗೆಯುತ್ತಾರೆ. ಒಡನೆಯೇ ಅದು ಶೇಕಡಾ 10ರ ಫಾರ್ಮಲಿನ್ ದ್ರವದಲ್ಲಿ ಮುಳುಗಬೇಕು. ದ್ರವವು ತುಣುಕಿನ ಹತ್ತು ಪಾಲಿಗೆ ಕಡಿಮೆಯಿರಕೂಡದು. ಬರಿಯ ನೀರಿನಲ್ಲಿಟ್ಟರೆ ಜೀವಕೋಶಗಳು ಉಬ್ಬಿ ಕೊಳೆಯುತ್ತವೆ, ಹತ್ತಿಯಲ್ಲಿ ಸುತ್ತಿ ತಂದರೆ ಒಣಗಿ ಮುದುಡುತ್ತವೆ. ಸೀಸೆಯ ಮೇಲೆ ರೋಗಿಯ ಹೆಸರು, ವಯಸ್ಸು, ತುಣುಕು ತೆಗೆದ ಜಾಗ, ತಂಬಾಕಿನ ಅಭ್ಯಾಸ ಇವೆಲ್ಲ ಬರೆದಿರಬೇಕು. ಇದನ್ನು ಗುಮಾಸ್ತಿಕೆಯ ಕಾಟವೆಂದು ಬಗೆಯುವವರುಂಟು. ಪ್ರಯೋಗಾಲಯದಲ್ಲಿ ಕುಳಿತವರು ರೋಗಿಯ ಮುಖವನ್ನೇ ನೋಡಿರುವುದಿಲ್ಲ. ಆ ನಾಲ್ಕು ಸಾಲುಗಳೇ ಅವರಿಗೆ ರೋಗಿ.

ಮುಂದಿನದು ತಾಳ್ಮೆಯ ಕೆಲಸ. ಮದ್ಯಸಾರದಲ್ಲಿ ತುಣುಕಿನ ನೀರನ್ನೆಲ್ಲ ಹೀರಿಸಿ, ಮೇಣದ ಅಚ್ಚಿನಲ್ಲಿ ಹುದುಗಿಸಿ, ಮೈಕ್ರೋಟೋಮ್ ಎಂಬ ಯಂತ್ರದಿಂದ ಹೆರೆಯುತ್ತಾರೆ. ಒಂದೊಂದು ಪೊರೆಯೂ ನಾಲ್ಕೈದು ಮೈಕ್ರಾನ್ ದಪ್ಪ. ಒಂದು ಮಿಲಿಮೀಟರಿನಲ್ಲಿ ಇಂಥ ಇನ್ನೂರಕ್ಕೂ ಹೆಚ್ಚು ಪೊರೆಗಳು ಹೊರಡುತ್ತವೆ. ಗಾಜಿನ ಪಟ್ಟಿಯ ಮೇಲೆ ಹರಡಿದ ಪೊರೆಗೆ ಬಣ್ಣವಿಲ್ಲದೆ ಏನೂ ಕಾಣದು. ಆದ್ದರಿಂದ ಎರಡು ಬಣ್ಣ: ಮಧ್ಯ ಅಮೆರಿಕದ ಮರವೊಂದರ ತಿರುಳಿನಿಂದ ಬಂದ ಹಿಮಟಾಕ್ಸಿಲಿನ್ ಜೀವಕೋಶದ ಕೇಂದ್ರಕ್ಕೆ ನೇರಳೆ ನೀಲಿಯನ್ನು ಬಳಿಯುತ್ತದೆ, ಇಯೋಸಿನ್ ಉಳಿದುದಕ್ಕೆಲ್ಲ ಗುಲಾಬಿ. ವರದಿ ನಾಲ್ಕಾರು ದಿನ ತಡವೇಕೆಂದು ಕೇಳುವವರಿಗೆ ಇದೇ ಉತ್ತರ.

ಆರೋಗ್ಯವಂತನ ಕೆನ್ನೆಯ ಪೊರೆಯಲ್ಲಿ ಕೋಶಗಳು ಹೊಲದ ಸಾಲುಗಳಂತೆ ಒಪ್ಪವಾಗಿರುತ್ತವೆ. ತಳದಲ್ಲಿ ಹುಟ್ಟಿ, ಮೇಲೇರುತ್ತ ಚಪ್ಪಟೆಯಾಗಿ, ಉದುರಿಹೋಗುತ್ತವೆ. ಅವುಗಳ ಕೆಳಗೆ ಒಂದು ತೆಳುವಾದ ತಳಪೊರೆ. ಹೊಲಕ್ಕೆ ಬದು ಇದ್ದ ಹಾಗೆ. ಕೆಡುಕು ಮೊದಲಾದಾಗ ಸಾಲು ತಪ್ಪುತ್ತದೆ. ಕೋಶಕೇಂದ್ರಗಳು ಹಿಗ್ಗಿ ಕಪ್ಪಾಗುತ್ತವೆ, ತಳದಲ್ಲಿ ನಡೆಯಬೇಕಾದ ಕೋಶವಿಭಜನೆ ಮೇಲಿನ ಪದರಗಳಲ್ಲಿಯೂ ಕಾಣುತ್ತದೆ. ಇದಕ್ಕೆ ಡಿಸ್‌ಪ್ಲೇಸಿಯಾ ಎಂದು ಹೆಸರು. ಅಲ್ಪ, ಮಧ್ಯಮ, ತೀವ್ರವೆಂದು ಅದರ ಮೆಟ್ಟಿಲುಗಳು. ಬದು ಒಡೆಯದಿರುವ ತನಕ ಅದು ಕ್ಯಾನ್ಸರಿನ ಪೂರ್ವಸ್ಥಿತಿ. ಬದುವನ್ನು ಸೀಳಿ ಕೋಶಗಳು ಕೆಳಗಿಳಿದುವೆಂದರೆ ಅದು ಕ್ಯಾನ್ಸರ್. ಎರಡರ ನಡುವೆ ಇರುವುದು ಕೂದಲಿಗಿಂತ ಬಹಳ ತೆಳುವಾದ ಗೆರೆ. ಬರಿಗಣ್ಣಿಗೆ ಎರಡೂ ಒಂದೇ ಬಿಳಿ ಮಚ್ಚೆ.

ಬಿಳಿ ಮಚ್ಚೆಗಳೆಲ್ಲವೂ ಕ್ಯಾನ್ಸರಿಗೆ ತಿರುಗುವುದಿಲ್ಲ, ಹೆಚ್ಚಿನವು ತಿರುಗವು. ಕೆಂಪು ಮಚ್ಚೆಯಾದರೆ ಭಯ ಹೆಚ್ಚು. ಬಾಯಿ ಬಿಗಿಯುವ ರೋಗ ಬೇರೆಯೇ ಬಗೆಯದು: ಅಡಿಕೆಯ ಸತ್ವದಿಂದ ಕೆನ್ನೆಯೊಳಗೆ ನಾರು ಬೆಳೆಯುತ್ತದೆ, ಅಡಿಕೆ ಬಿಟ್ಟರೂ ಬಿಗಿ ಸುಲಭವಾಗಿ ಸಡಿಲುವುದಿಲ್ಲ. ತಂಬಾಕಿಲ್ಲದ ಬರಿ ಅಡಿಕೆ ನಿರಪಾಯವೆಂಬ ಸಮಾಧಾನವೂ ಉಳಿದಿಲ್ಲ. 2004ರಲ್ಲಿ ಅಂತಾರಾಷ್ಟ್ರೀಯ ಕ್ಯಾನ್ಸರ್ ಸಂಶೋಧನ ಸಂಸ್ಥೆಯು ಅಡಿಕೆಯನ್ನೇ ಕ್ಯಾನ್ಸರ್‌ಕಾರಕವೆಂದು ಎಣಿಸಿತು. ತೋಟದವರಿಗೆ ಇದು ನೋವಿನ ಮಾತು, ಅವರ ಅನ್ನದ ಪ್ರಶ್ನೆಯೂ ಹೌದು, ಆದರೂ ಮುಚ್ಚಿಡುವಂಥದಲ್ಲ. ಗುಟಕಾವನ್ನು ಕರ್ನಾಟಕ ಸರಕಾರ 2013ರಲ್ಲಿ ನಿಷೇಧಿಸಿತು. ವ್ಯಾಪಾರಿಗಳು ಪಾನಮಸಾಲೆ ಒಂದು ಚೀಟು, ತಂಬಾಕು ಇನ್ನೊಂದು ಚೀಟು ಮಾಡಿ ಮಾರಿದರು. ಕೂಡಿಸುವ ಕೆಲಸ ಗಿರಾಕಿಯ ಅಂಗೈಗೆ ಬಂತು.

ಅಭ್ಯಾಸಕ್ಕೂ ಬಾಯಿಯ ಕ್ಯಾನ್ಸರಿಗೂ ಇರುವ ನಂಟನ್ನು ಭಾರತದಲ್ಲಿ ಶ್ರದ್ಧೆಯಿಂದ ಪರಿಶೀಲಿಸಿದ ಹಿರಿಯರಲ್ಲಿ ಡಾಕ್ಟರ್ ವಿ. ಆರ್. ಖಾನೋಲ್ಕರರು ಪ್ರಮುಖರು. ಮುಂಬಯಿಯ ಟಾಟಾ ಸ್ಮಾರಕ ಆಸ್ಪತ್ರೆ 1941ರಲ್ಲಿ ತೆರೆದಾಗ ಅಲ್ಲಿ ಪೆಥಾಲಜಿಯ ಕೆಲಸವನ್ನು ಕಟ್ಟಿದವರು ಅವರೇ.

ತುಣುಕನ್ನೂ ತೆಗೆಯದೆ, ಉದುರಿದ ಕೋಶಗಳಿಂದಲೇ ರೋಗ ಗುರುತಿಸುವ ದಾರಿಯನ್ನು ತೋರಿಸಿದವನು ಗ್ರೀಸ್ ದೇಶದಲ್ಲಿ ಹುಟ್ಟಿ ನ್ಯೂಯಾರ್ಕಿನಲ್ಲಿ ದುಡಿದ ಜಾರ್ಜ್ ಪಾಪನಿಕೊಲಾವ್. 1928ರಲ್ಲಿ ಆತ ತನ್ನ ಮಾತನ್ನು ಮುಂದಿಟ್ಟಾಗ ಪಂಡಿತರು ಕಿವಿಗೊಡಲಿಲ್ಲ. 1941ರಲ್ಲಿ ಟ್ರಾಟ್ ಎಂಬ ಸ್ತ್ರೀರೋಗತಜ್ಞನೊಡನೆ ಲೇಖನ ಪ್ರಕಟಿಸಿದ ಮೇಲೆ ಒಪ್ಪಿದರು. ಗರ್ಭಕಂಠದಿಂದ ಸವರಿ ತೆಗೆದ ಲೇಪವನ್ನು ಗಾಜಿನ ಮೇಲೆ ಹರಡಿ ನೋಡುವ ಈ ಪರೀಕ್ಷೆ ಅವನ ಹೆಸರಿನ ಮೊದಲಕ್ಷರಗಳಿಂದಲೇ ‘ಪ್ಯಾಪ್’ ಎನಿಸಿಕೊಂಡಿದೆ. ಕುತ್ತಿಗೆಯ ಗಂಟು, ಸ್ತನದ ಗಂಟುಗಳಿಗೆ ಸಪೂರ ಸೂಜಿ ಹಾಕಿ ಕೋಶಗಳನ್ನು ಹೀರಿ ನೋಡುವುದೂ ಇದೇ ವಿದ್ಯೆಯ ಕವಲು. ಅದಕ್ಕೆ ಹೊಲಿಗೆಯಿಲ್ಲ, ಹಾಸಿಗೆಯಿಲ್ಲ. ಆದರೂ ತಾಯಂದಿರು ಸಂಕೋಚದಿಂದ ಹೇಳುವುದೇ ಇಲ್ಲ. ಮೊದಲು ಮಗನಿಗೆ ಪರೀಕ್ಷೆ ಮುಗಿಯಲಿ, ಸುಗ್ಗಿ ಮುಗಿಯಲಿ ಎಂದು ದಿನ ತಳ್ಳುತ್ತಾರೆ. 30 ದಾಟಿದವರ ಬಾಯಿ, ಸ್ತನ, ಗರ್ಭಕಂಠಗಳನ್ನು ಐದು ವರ್ಷಕ್ಕೊಮ್ಮೆ ನೋಡಬೇಕೆಂದು ಕೇಂದ್ರ ಸರಕಾರ 2016ರಲ್ಲಿಯೇ ಸೂಚಿಸಿದೆ.

ಧಾರವಾಡ ಜಿಲ್ಲೆಯಲ್ಲಿದ್ದ ಈ ನಾಲ್ಕೂ ತಾಲೂಕುಗಳು 1997ರಲ್ಲಿ ಹಾವೇರಿ ಜಿಲ್ಲೆಗೆ ಸೇರಿದುವು. ಕಾಯಿಲೆ ಬಿಗಡಾಯಿಸಿದರೆ ಕಾಲು ಈಗಲೂ ಹುಬ್ಬಳ್ಳಿಯ ಕಡೆಗೇ ಹೊರಳುತ್ತದೆ. 1957ರಲ್ಲಿ ಮೊದಲಾದ ಸರಕಾರಿ ವೈದ್ಯಕೀಯ ಕಾಲೇಜು ಅಲ್ಲಿದೆ, ನವನಗರದಲ್ಲಿ ಕ್ಯಾನ್ಸರ್ ಸಂಸ್ಥೆಯಿದೆ. ಬೆಂಗಳೂರಿನ ಕಿದ್ವಾಯಿ ಸಂಸ್ಥೆ 1973ರದು. ಹೆದ್ದಾರಿಯ ಮೇಲಿರುವ ಶಿಗ್ಗಾವಿಯವರಿಗೆ ಹುಬ್ಬಳ್ಳಿ ಹತ್ತಿರ. ಹಿರೇಕೆರೂರಿನವರಿಗೆ ಒಂದು ದಿನದ ಕೂಲಿ, ಬಸ್ಸಿನ ಖರ್ಚು, ದನಕ್ಕೆ ಮೇವು ಹಾಕುವವರ ಚಿಂತೆ. ವರದಿಗಾಗಿ ಎರಡನೆಯ ಸಲ ಬಾರದೆ ಉಳಿಯುವವರು ಹೆದರಿಕೆಯಿಂದಲೇ ಉಳಿಯುತ್ತಾರೆಂದು ತಿಳಿಯಬೇಕಾಗಿಲ್ಲ.

ನಮ್ಮ ಯಜಮಾನರ ವರದಿಯನ್ನು ತರಲು ಹೋದವನು ಮಗ. ಮರಳುವ ದಾರಿಯಲ್ಲಿ ಅದನ್ನು ಹತ್ತು ಸಲ ಓದಿದ. ಮಧ್ಯಮ ಡಿಸ್‌ಪ್ಲೇಸಿಯಾ, ತಳಪೊರೆ ಒಡೆದಿಲ್ಲ. ಕೆಳಗೆ ವೈದ್ಯರ ಕೈಬರಹ: ಮಚ್ಚೆಯನ್ನು ಪೂರ್ತಿ ತೆಗೆಯಬೇಕು, ಎಲೆ ಅಡಿಕೆ ತಂಬಾಕು ಬಿಡಬೇಕು, ಮೂರು ತಿಂಗಳಿಗೊಮ್ಮೆ ತೋರಿಸಬೇಕು. ಮನೆಮಂದಿ ವರದಿಯನ್ನು ಹಿರಿಯರಿಂದ ಬಚ್ಚಿಡಬೇಕೆಂದು ಮೊದಲೇ ಮಾತಾಡಿಕೊಂಡಿದ್ದರು.

ಕಟ್ಟೆಯ ಮೇಲೆ ಕುಳಿತಿದ್ದವರು ಕೇಳಿದರು: “ಏನಂತ ಬರದಾರೋ ತಮ್ಮಾ?”

ಮಗ ಒಳಗಿನವರ ಮುಖ ನೋಡಿದ. ಆಮೇಲೆ ಮೊದಲಿನಿಂದ ಕೊನೆಯ ತನಕ, ಕನ್ನಡದಲ್ಲಿ ಬಿಡಿಸಿ ಹೇಳಿದ.

“ಇನ್ನೂ ಬದು ಒಡದಿಲ್ಲ ಅಂದಂಗಾತು” ಎಂದರು ಯಜಮಾನರು. ಸೊಂಟದ ಚಂಚಿಯನ್ನು ಬಿಚ್ಚಿ ಒಂದು ಗಳಿಗೆ ಕೈಯಲ್ಲಿ ಹಿಡಿದಿದ್ದು, ಮಗನ ಕಡೆಗೆ ಚಾಚಿದರು. “ಸೋಮವಾರ ಸಂತಿ ಇಲ್ಲ. ಅವತ್ತ ಹೋಗೂಣು.”