ಅರ್ಜಿ ಇಲಾಖೆಗೆ, ಸುಳಿವು ಹೊರಗಿನವರಿಗೆ

ಕರ್ನಾಟಕ ಸರ್ಕಾರದ ಇ-ಆಡಳಿತ ಇಲಾಖೆಯ ಕಾರ್ಯದರ್ಶಿಯವರಿಗೆ,

ಮಾನ್ಯರೆ,

ಮುಂದಿನ ಸಲ ಯಾವುದಾದರೂ ಸರ್ಕಾರಿ ಜಾಲತಾಣದ ಲೋಕಾರ್ಪಣೆಗೆ ಮೊದಲು ಅದನ್ನು ಕಂಪ್ಯೂಟರಿನಲ್ಲಿ ತೆರೆದು ಎಫ್12 ಒತ್ತಿ, 'ನೆಟ್‌ವರ್ಕ್' ವಿಭಾಗ ನೋಡಿ. ಒಂದು ಪುಟ ಮೂಡುವಷ್ಟರಲ್ಲಿ ಬ್ರೌಸರು ಎಲ್ಲೆಲ್ಲಿಗೆ ಹೋಗಿಬರುತ್ತದೆ ಎಂಬುದು ಸಾಲುಸಾಲಾಗಿ ಕಾಣುತ್ತದೆ. ಎಷ್ಟೋ ತಾಣಗಳು ಅಕ್ಷರಕ್ಕೆ (ಫಾಂಟಿಗೆ) ಒಂದು ಕಂಪನಿ, ನಕ್ಷೆಗೆ ಇನ್ನೊಂದು, ಬಂದುಹೋದವರ ಲೆಕ್ಕಕ್ಕೆ ಮತ್ತೊಂದು ಎಂದು ಹೊರಗಿನವರನ್ನೇ ನೆಚ್ಚಿಕೊಂಡಿರುತ್ತವೆ. ಹೋದಲ್ಲೆಲ್ಲ ಬ್ರೌಸರು ಅರ್ಜಿದಾರರ ಐಪಿ ವಿಳಾಸವನ್ನೂ, ಬಂದದ್ದು ಯಾವ ತಾಣದಿಂದ ಎಂಬುದನ್ನೂ ಹೇಳಿಬರುತ್ತದೆ. ಅವರ ಒಪ್ಪಿಗೆ ಹಾಗಿರಲಿ, ಅವರಿಗೆ ಇದರ ಅರಿವೂ ಇರುವುದಿಲ್ಲ.

2015ರ ಜನವರಿಯಲ್ಲಿ ಅಮೆರಿಕದ ಸರ್ಕಾರಿ ಆರೋಗ್ಯವಿಮೆ ತಾಣ ಹೆಲ್ತ್‌ಕೇರ್ ಡಾಟ್ ಗವ್ ಇದೇ ಕಾರಣಕ್ಕೆ ಸುದ್ದಿಯಾಯಿತು. ಅರ್ಜಿದಾರರು ತುಂಬಿದ ವಯಸ್ಸು, ಪಿನ್‌ಕೋಡ್, ಬಸಿರಿಯೇ, ಸಿಗರೇಟು ಸೇದುವವರೇ ಎಂಬ ಉತ್ತರಗಳು ಪುಟದ ವಿಳಾಸದಲ್ಲೇ ಸೇರಿಕೊಂಡಿದ್ದವು. ಪುಟದೊಳಗಿನ ಹೊರ ಕಂಪನಿಗಳ ತುಣುಕುಗಳನ್ನು ತರಲು ಹೋದ ಬ್ರೌಸರು ಆ ಇಡೀ ವಿಳಾಸವನ್ನು 'ರೆಫರರ್' ಎಂಬ ಸಾಲಿನಲ್ಲಿ ಜಾಹೀರಾತು ಕಂಪನಿಗಳಿಗೂ ಒಪ್ಪಿಸಿತು. ಇಲ್ಲಿ ಕನ್ನ ಹಾಕಿದವರು ಯಾರೂ ಇಲ್ಲ. 2020ರಿಂದೀಚೆಗೆ ಕ್ರೋಮ್ ಹೊರಗಿನವರಿಗೆ ತಾಣದ ಹೆಸರನ್ನು ಮಾತ್ರ ಕೊಡುತ್ತದೆ, ನಿಜ. ಆದರೆ ತಾಣ ಎಚ್‌ಐವಿ ಚಿಕಿತ್ಸೆಯದೋ ಕೌಟುಂಬಿಕ ದೌರ್ಜನ್ಯದ ದೂರಿನದೋ ಆಗಿದ್ದರೆ, ಹೆಸರೊಂದೇ ಸಾಲದೆ?

ಅಕ್ಷರದ ವಿಷಯಕ್ಕೆ ಬರುತ್ತೇನೆ. ಗೂಗಲ್‌ನಿಂದ ಅಕ್ಷರ ತರಿಸಿಕೊಳ್ಳುವಾಗ ಓದುಗರೊಬ್ಬರ ಐಪಿ ವಿಳಾಸವನ್ನು ಅದಕ್ಕೆ ದಾಟಿಸಿದ ತಾಣವೊಂದು ಅವರಿಗೆ 100 ಯೂರೋ ಪರಿಹಾರ ಕೊಡಬೇಕೆಂದು 2022ರ ಜನವರಿಯಲ್ಲಿ ಮ್ಯೂನಿಕ್ ನ್ಯಾಯಾಲಯ ಹೇಳಿತು. ಆ ಮಾಹಿತಿಯನ್ನು ಜಾಹೀರಾತಿಗೆ ಬಳಸುವುದಿಲ್ಲ ಎನ್ನುತ್ತದೆ ಗೂಗಲ್. ಇರಲಿ, ಆದರೆ ನೋಟೋ ಸಾನ್ಸ್ ಕನ್ನಡ, ಬಾಲೂ ತಮ್ಮ ಎಂಬ ಕನ್ನಡ ಫಾಂಟುಗಳೆರಡೂ ಮುಕ್ತ ಪರವಾನಗಿಯವು. ಇಳಿಸಿಕೊಂಡು ನಿಮ್ಮದೇ ಸರ್ವರಿನಲ್ಲಿಟ್ಟರೆ ಪರವಾನಗಿಗೆ ಕಾಸೂ ಕೊಡಬೇಕಿಲ್ಲ. ಕನ್ನಡದ ಅರ್ಜಿ ನಮೂನೆ ಓದಲು ಕ್ಯಾಲಿಫೋರ್ನಿಯಾದ ಕಂಪನಿಯಲ್ಲಿ ಹಾಜರಿ ಹಾಕುವ ದರ್ದು ನಮಗೇಕೆ?

ಬೇಕಾದವರು ಐಪಿ ವಿಳಾಸ ಮರೆಮಾಡುವ ಟಾರ್, ವಿಪಿಎನ್ ಬಳಸಿಕೊಳ್ಳಲಿ ಎನ್ನುವವರಿದ್ದಾರೆ. ಮೊಮ್ಮಗನ ಮೊಬೈಲಿನಲ್ಲಿ ಪಿಂಚಣಿ ಅರ್ಜಿ ತುಂಬಿಸುವ ಅಜ್ಜಿಗೆ ಹೇಳುವ ಮಾತೇ ಅದು? ಖಾಸಗಿತನ ಮೂಲಭೂತ ಹಕ್ಕು ಎಂದು 2017ರ ಆಗಸ್ಟ್ 24ರಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ ತೀರ್ಪಿತ್ತ ಪ್ರಕರಣದ ಅರ್ಜಿದಾರರು ನಮ್ಮ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಈ ರಾಜ್ಯದ ತಾಣಗಳಾದರೂ ಆ ತೀರ್ಪಿಗೆ ತಕ್ಕಂತಿರಬೇಡವೆ?

ಇನ್ನು ಮುಂದಿನ ಟೆಂಡರುಗಳಲ್ಲಿ ಒಂದು ಷರತ್ತು ಸೇರಿಸಿ. ತಾಣ ಅಥವಾ ಆ್ಯಪ್ ಹೊರಗಿನ ಯಾವ ಸರ್ವರಿಗೆ, ಏತಕ್ಕಾಗಿ ಕೋರಿಕೆ ಕಳಿಸುತ್ತದೆ ಎಂಬ ಪಟ್ಟಿಯನ್ನು ಗುತ್ತಿಗೆದಾರ ಲಿಖಿತವಾಗಿ ಕೊಡಲಿ, ಅದು ಜನರಿಗೂ ಕಾಣಲಿ. ಕಾರಣವಿಲ್ಲದ್ದನ್ನು ಕಿತ್ತುಹಾಕಿಸಿ, ಉಳಿದದ್ದಕ್ಕೆ ರೆಫರರ್ ಹೋಗದಂತೆ ಮಾಡಿಸಿ. ಅಲ್ಲಿಯವರೆಗೆ ಕೊನೆಯ ಬಿಲ್ ಪಾಸು ಮಾಡಬೇಡಿ.

ಇಂತಿ,
ಒಬ್ಬ ಅರ್ಜಿದಾರ