ನೀರಿಗಿಂತ ಮೊದಲು ಬರಬೇಕಾದ ಸುದ್ದಿ

ಡೋಣಿ ಹೊಳೆಗೆ ಒಂದು ಕೆಟ್ಟ ಚಾಳಿ ಇದೆ. ಮಳೆ ಸುರಿಯುವುದು ಮಹಾರಾಷ್ಟ್ರದ ಜತ್ತದ ಕಡೆ, ಹೊಳೆ ಏರುವುದು ವಿಜಯಪುರ ಜಿಲ್ಲೆಯ ನಮ್ಮ ಸಾರವಾಡದ ಕಡೆ. ಇಲ್ಲಿ ಆಕಾಶದಲ್ಲಿ ಚುಕ್ಕಿ ಹೊಳೆಯುತ್ತಿರುವಾಗಲೇ ಗಡಿಯಾಚೆಯಿಂದ ಹೊರಟ ನೀರು ಹೊಲಕ್ಕೆ ನುಗ್ಗಬಹುದು. 'ಡೋಣಿ ಬೆಳೆದರೆ ಓಣಿಯೆಲ್ಲ ಕಾಳು' ಎಂದು ಹೊಗಳಿಸಿಕೊಂಡ ಹೊಳೆಯ ಪಾತ್ರದಲ್ಲಿ ಈಗ ಹೂಳು, ಜಾಲಿಕಂಟಿ. ಹರಿಯಲು ಜಾಗವಿಲ್ಲದ ನೀರು ಅಗಲಕ್ಕೆ ಹಬ್ಬುತ್ತದೆ. ಹೂಳೆತ್ತುವ ಮಾತು ಚುನಾವಣೆ ಬಂದಾಗಲೆಲ್ಲ ಬರುತ್ತದೆ, ಅದು ಬೇರೆ ಕಥೆ. ನನ್ನ ತಕರಾರು ಸುದ್ದಿಯದ್ದು. ಜತ್ತದ ಮಳೆ ಇಲ್ಲಿಗೆ ಮುಟ್ಟಲು ತಾಸುಗಟ್ಟಲೆ ಬೇಕು, ಫೋನಿನ ಮಾತಿಗೆ ಗಳಿಗೆ ಸಾಕು. ಹಾಗಿದ್ದೂ ಓಟದಲ್ಲಿ ನೀರೇ ಗೆಲ್ಲುವುದೇಕೆ?

ಮೇಲಕ್ಕೆ ಹೋಗುವ ಸುದ್ದಿಗೆ ಕೊರತೆಯಿಲ್ಲ. ಗ್ರಾಮ ಪಂಚಾಯ್ತಿ ಮಟ್ಟದ ಮಳೆಮಾಪಕಗಳು ತಾವಾಗಿಯೇ ಬೆಂಗಳೂರಿನ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರಕ್ಕೆ ಲೆಕ್ಕ ಕಳಿಸುತ್ತವೆ. 2022ರ ಜುಲೈ 9ರ ಬೆಳಿಗ್ಗೆ ಭೂಮಿ ನಡುಗಿದಾಗಲೂ ಹಾಗೆಯೇ ಆಯಿತು: ಕೇಂದ್ರಬಿಂದು ವಿಜಯಪುರ ತಾಲ್ಲೂಕಿನ ಕನ್ನೂರು, ತೀವ್ರತೆ 4.4 ಎಂದು ಆ ಕೇಂದ್ರ ಅಂದೇ ಹೇಳಿತು. ತೊಡಕು ಇರುವುದು ಕೆಳಕ್ಕೆ ಇಳಿಯುವ ಸುದ್ದಿಯಲ್ಲಿ. ನಡುಕ ಬಂದಾಗಲೆಲ್ಲ ನಾವು ಮೊದಲು ಬೀದಿಗೆ ಓಡುತ್ತೇವೆ, ಆಮೇಲೆ ಸೊಲ್ಲಾಪುರ, ಪುಣೆ, ಬೆಂಗಳೂರಿನ ಬೀಗರಿಗೆಲ್ಲ ಒಟ್ಟಿಗೇ ಫೋನ್ ಹಚ್ಚುತ್ತೇವೆ. ಟವರ್ ಏನು ಮಾಡೀತು, ಅದರ ಕೈಲಾಗುವಷ್ಟೇ ಅದು ಮಾಡೀತು. ನಿಜವಾಗಿಯೂ ಗೋಡೆ ಬಿದ್ದವನ ಕರೆ ಆ ಗದ್ದಲದಲ್ಲಿ ಸಿಕ್ಕಿಕೊಳ್ಳುತ್ತದೆ. ಅಷ್ಟರಲ್ಲಿ ವಾಟ್ಸ್ಆ್ಯಪ್‌ನಲ್ಲಿ ಯಾರೋ 'ಇವತ್ತು ರಾತ್ರಿ ದೊಡ್ಡದು ಬರ್ತೈತಿ' ಎಂದು ಬಿಟ್ಟಿರುತ್ತಾರೆ. ಭೂಕಂಪದ ಹೊತ್ತು ಹೇಳುವ ವಿದ್ಯೆ ಜಗತ್ತಿನ ಯಾವ ವಿಜ್ಞಾನಿಗೂ ಸಿದ್ಧಿಸಿಲ್ಲ, ನಮ್ಮ ಗ್ರೂಪಿನ ಅಡ್ಮಿನ್‌ಗೆ ಮಾತ್ರ ಸಿದ್ಧಿಸಿದೆ.

2023ರ ಅಕ್ಟೋಬರ್ 12ರಂದು ರಾಜ್ಯದ ಮೊಬೈಲ್‌ಗಳು ಇದ್ದಕ್ಕಿದ್ದಂತೆ ಕೂಗಿಕೊಂಡವಲ್ಲ, ಅದು ಸೆಲ್ ಬ್ರಾಡ್‌ಕಾಸ್ಟ್ ಎಂಬ ಎಚ್ಚರಿಕೆ ವ್ಯವಸ್ಥೆಯ ಪರೀಕ್ಷೆ. ಒಬ್ಬೊಬ್ಬರ ನಂಬರಿಗೆ ಕಳಿಸುವ ಸಂದೇಶವಲ್ಲ ಅದು. ಟವರಿನ ವ್ಯಾಪ್ತಿಯಲ್ಲಿರುವ ಫೋನುಗಳಿಗೆಲ್ಲ ಒಮ್ಮೆಗೇ ಸಾರುವಂಥದ್ದು, ಹಾಗಾಗಿ ಕರೆಗಳ ನೂಕುನುಗ್ಗಲು ಅದನ್ನು ತಡೆಯುವುದಿಲ್ಲ. ಒಳ್ಳೆಯ ವ್ಯವಸ್ಥೆಯೇ. ಆದರೆ ಟವರಿಗೆ ಜೀವ ಇರಬೇಕು. ಕರೆಂಟ್ ಹೋದರೆ ಬ್ಯಾಟರಿ, ಬ್ಯಾಟರಿ ಮುಗಿದರೆ ಡೀಸೆಲ್, ದಾರಿ ಮುಳುಗಿದರೆ ಡೀಸೆಲ್ಲೂ ಇಲ್ಲ.

ಬಬಲೇಶ್ವರ, ತಿಕೋಟಾ ಭಾಗದ ಸಂಗತಿ ಇನ್ನಷ್ಟು ಸೂಕ್ಷ್ಮ. ಇಲ್ಲಿ ಬಹಳ ಮಂದಿ ಊರೊಳಗೆ ಇಲ್ಲ, ತೋಟದ ವಸ್ತಿಗಳಲ್ಲಿ ಇದ್ದಾರೆ. ದ್ರಾಕ್ಷಿ ತೋಟ, ಕಬ್ಬಿನ ಗದ್ದೆಯ ನಡುವೆ ಒಂದು ಮನೆ, ಮುಂದಿನ ಮನೆ ಕೂಗಳತೆಗೆ ಸಿಗುವುದಿಲ್ಲ. ಇದ್ದೊಂದು ಫೋನ್ ಮನೆಯ ಯಜಮಾನನ ಕಿಸೆಯಲ್ಲಿ ಸಂತೆಗೆ ಹೋಗಿರುತ್ತದೆ. ಮುದುಕಿ, ಸೊಸೆ, ಮಕ್ಕಳು, ದನಕರು ಹಿಂದೆ ಉಳಿದವರು. ಏಪ್ರಿಲ್-ಮೇ ತಿಂಗಳಲ್ಲಿ ಸಿಡಿಲಿಗೆ ಸಿಗುವವರೂ ಹೊಲದಲ್ಲಿ, ಮರದ ಕೆಳಗೆ ನಿಂತವರೇ. ಸಿಡಿಲಿನ ಮುನ್ನೆಚ್ಚರಿಕೆ ಕೊಡುವ ದಾಮಿನಿ ಆ್ಯಪ್ ಇದೆ ಎಂದರೆ ಕಿಸೆಯಲ್ಲಿ ಸ್ಮಾರ್ಟ್‌ಫೋನ್ ಇದ್ದವನಿಗಷ್ಟೇ ಇದೆ.

ಹಿಂದಿನವರು ಸುದ್ದಿ ಮುಟ್ಟಿಸುವ ಈ ತೊಡಕನ್ನು ಮನುಷ್ಯರ ಮೂಲಕ ಬಗೆಹರಿಸಿದ್ದರು. ವಿಜಯಪುರದ 80 ಅಡಿ ಎತ್ತರದ ಉಪ್ಪಲಿ ಬುರುಜನ್ನು ಆದಿಲ್‌ಶಾಹಿಗಳು ದೂರದ ದಂಡು ಕಾಣಲೆಂದು ಕಟ್ಟಿದರು. ಹಳ್ಳಿಯಲ್ಲಿ ವಾಲಿಕಾರ ಡಂಗುರ ಸಾರುತ್ತಿದ್ದ. ಈಗ ಅವನ ಜಾಗದಲ್ಲಿ ಗ್ರಾಮ ಸಹಾಯಕ ಇದ್ದಾನೆ, ಜೊತೆಗೆ ಪಂಚಾಯ್ತಿಯ ಕಸದ ಗಾಡಿಗೆ ಮೈಕ್ ಇದೆ, ಗುಡಿಗೂ ಮಸೀದಿಗೂ ಸ್ಪೀಕರ್ ಇದೆ. ಇಷ್ಟೆಲ್ಲ ಇದ್ದೂ ನೀರು ಬರುವ ರಾತ್ರಿ ಮೈಕಿನ ಮುಂದೆ ಯಾರು ಕೂರಬೇಕೆಂದು ಯಾವ ಊರಿನ ಗೋಡೆಯ ಮೇಲೆ ಬರೆದಿದೆ?

ಇನ್ನೂ ಒಂದು ದಾರಿ ಇದೆ, ನಮ್ಮ ಎಂಜಿನಿಯರಿಂಗ್ ಕಾಲೇಜುಗಳ ಹುಡುಗ-ಹುಡುಗಿಯರಿಗೆ ಹೇಳುತ್ತಿದ್ದೇನೆ: ಹ್ಯಾಮ್ ರೇಡಿಯೊ. 2004ರ ಡಿಸೆಂಬರ್ ಸುನಾಮಿಯಲ್ಲಿ ಅಂಡಮಾನಿನ ಫೋನುಗಳು ಸತ್ತಾಗ, ಹವ್ಯಾಸಕ್ಕೆಂದು ಅಲ್ಲಿಗೆ ಹೋಗಿದ್ದ ಭಾರತಿ ಪ್ರಸಾದ್ ಮತ್ತು ಸಂಗಡಿಗರು ಪೋರ್ಟ್‌ಬ್ಲೇರ್‌ನಿಂದ ಹೊರಜಗತ್ತಿಗೆ ಸುದ್ದಿ ಮುಟ್ಟಿಸಿದರು. ಟವರ್ ಬೇಕಿಲ್ಲ, ಇಂಟರ್‌ನೆಟ್ ಬೇಕಿಲ್ಲ. ಒಂದು ಸೆಟ್, ಒಂದು ಏರಿಯಲ್ ತಂತಿ, ಒಂದು ಕಾರಿನ ಬ್ಯಾಟರಿ. ಕೇಂದ್ರ ಸರ್ಕಾರದ ಪರೀಕ್ಷೆ ಪಾಸಾದರೆ ಲೈಸೆನ್ಸ್ ಸಿಗುತ್ತದೆ. ತಾಲ್ಲೂಕಿಗೆ ನಾಲ್ಕು ಜನ ಲೈಸೆನ್ಸ್‌ದಾರರು ಸಾಕು. ವಾರ್ಷಿಕೋತ್ಸವದ ಡಿಜೆಗೆ ಆಗುವ ಖರ್ಚಿನಲ್ಲಿ ಕೆಲಸ ಶುರುವಾದೀತು.

ಮನೆಯೊಳಗಿನ ಕೆಲಸ ಇದಕ್ಕಿಂತ ಸಸ್ತಾ. ಜಿಲ್ಲೆಯ ಹೊರಗಿರುವ ಒಬ್ಬ ನೆಂಟನನ್ನು ಗೊತ್ತು ಮಾಡಿಕೊಳ್ಳಿ, ಎಲ್ಲರೂ ಅವನೊಬ್ಬನಿಗೇ 'ನಾವು ಅರಾಮ ಅದೀವಿ' ಎಂದು ಎಸ್‌ಎಂಎಸ್ ಹಾಕಲಿ. ಕರೆ ಹೋಗದ ಕಡೆಯೂ ಎಷ್ಟೋ ಸಲ ಎಸ್‌ಎಂಎಸ್ ನುಸುಳುತ್ತದೆ. ಅವನ ನಂಬರು, ತುರ್ತು ಕರೆಯ 112, ಪಕ್ಕದ ವಸ್ತಿಯವರ ನಂಬರು ಸುಣ್ಣದ ಗೋಡೆಯ ಮೇಲೆ ಇದ್ದಿಲಿನಲ್ಲಾದರೂ ಬರೆದಿಡಿ, ಏಕೆಂದರೆ ಫೋನ್ ಸತ್ತಾಗ ಅದರೊಳಗಿನ ನಂಬರುಗಳೂ ಸಾಯುತ್ತವೆ. ಶೆಲ್ ಹಾಕಿದ ಸಣ್ಣ ರೇಡಿಯೊ ಇದ್ದರೆ ಆಕಾಶವಾಣಿಯ ಸುದ್ದಿ ಸಿಗುತ್ತದೆ, ಫಾರ್ವರ್ಡ್ ಸಂದೇಶ ಓದುವ ಚಟವೂ ತಪ್ಪುತ್ತದೆ.

ಪಿಡಿಒ ಸಾಹೇಬರಲ್ಲಿ ಒಂದು ವಿನಂತಿ. ಮಳೆಗಾಲಕ್ಕೆ ಮುಂಚಿನ ಗ್ರಾಮಸಭೆಯಲ್ಲಿ ವಸ್ತಿಗಳ ಪಟ್ಟಿ ತೆಗೆಯಿರಿ. ಯಾವ ವಸ್ತಿಗೆ ಯಾರು ಮೋಟಾರ್‌ಸೈಕಲ್ ಮೇಲೆ ಹೋಗಿ ಸುದ್ದಿ ಮುಟ್ಟಿಸಬೇಕು ಎಂದು ಹೆಸರು ಹಚ್ಚಿ, ಅವರು ಊರಲ್ಲಿಲ್ಲದಿದ್ದರೆ ಹೋಗಬೇಕಾದ ಎರಡನೆಯವರ ಹೆಸರನ್ನೂ ಹಚ್ಚಿ. ಠರಾವಿನಲ್ಲಿ ಬರೆದು ಓದಿ ಹೇಳಿ.