ಅಂತರ್ಜಾಲದ ಚಳವಳಿಗೆ ಜನ ಕೈಜೋಡಿಸುವುದೇಕೆ?

2016ರ ಅಕ್ಟೋಬರ್ 16, ಭಾನುವಾರ. ಬೆಂಗಳೂರಿನ ಬಸವೇಶ್ವರ ವೃತ್ತದಿಂದ ಮೇಖ್ರಿ ವೃತ್ತದ ಕಡೆಗೆ ಸಾಗುವ ರಸ್ತೆಯಲ್ಲಿ ಸಾವಿರಾರು ಮಂದಿ ಮಾನವ ಸರಪಳಿಯಾಗಿ ನಿಂತರು. ಹೆಬ್ಬಾಳದವರೆಗೆ 6.7 ಕಿಲೋಮೀಟರ್ ಉದ್ದದ ಉಕ್ಕಿನ ಮೇಲ್ಸೇತುವೆ. ವೆಚ್ಚ 1,791 ಕೋಟಿ ರೂಪಾಯಿ. ಕಡಿಯಬೇಕಾದ ಮರಗಳು 800ಕ್ಕೂ ಹೆಚ್ಚು. ಇದು ಬೇಡವೆಂಬುದೇ ಅವರ ಕೂಗು. ಅವರನ್ನು ಅಲ್ಲಿಗೆ ಕರೆತಂದದ್ದು ಯಾವುದೋ ಪಕ್ಷದ ಲಾರಿಯಲ್ಲ. ಟ್ವಿಟರ್, ಫೇಸ್‌ಬುಕ್, ವಾಟ್ಸಾಪ್‌ಗಳಲ್ಲಿ ಹರಿದಾಡಿದ ‘ಸ್ಟೀಲ್ ಫ್ಲೈಓವರ್ ಬೇಡ’ ಎಂಬ ಮೂರು ಪದಗಳು.

ಅಮೆರಿಕದ ಅರ್ಥಶಾಸ್ತ್ರಜ್ಞ ಮ್ಯಾಂಕರ್ ಓಲ್ಸನ್ 1965ರಲ್ಲಿಯೇ ಒಂದು ಇಕ್ಕಟ್ಟಿನ ಪ್ರಶ್ನೆಯನ್ನು ಎತ್ತಿದ್ದರು. ಫಲವು ಎಲ್ಲರಿಗೂ ಸಮನಾಗಿ ದೊರೆಯುವುದಾದರೆ, ಅದಕ್ಕಾಗಿ ನಾನೇಕೆ ಬೆವರು ಸುರಿಸಬೇಕು? ಮರಗಳು ಉಳಿದರೆ ಮನೆಯಲ್ಲಿ ಮಲಗಿದ್ದವನಿಗೂ ನೆರಳು ಸಿಗುತ್ತದಲ್ಲವೇ! ಈ ತರ್ಕದ ಪ್ರಕಾರ ಆ ಭಾನುವಾರ ರಸ್ತೆ ಬರಿದಾಗಿರಬೇಕಿತ್ತು.

ಹಾಗಾಗಲಿಲ್ಲ. ಅಂತರ್ಜಾಲವು ಮೊದಲ ಹೆಜ್ಜೆಯ ಭಾರವನ್ನು ಬಹಳವಾಗಿ ಇಳಿಸಿತೆಂಬುದು ನಿಜ. ಮನವಿಗೆ ಸಹಿ ಹಾಕಲು ಅರ್ಧ ನಿಮಿಷ ಸಾಕು. ಆದರೆ ಸುಲಭವೆಂಬುದೊಂದೇ ಕಾರಣವಾಗಿದ್ದರೆ ಜನ ಸಹಿಯಲ್ಲಿಯೇ ನಿಲ್ಲುತ್ತಿದ್ದರು. ತಾನೊಬ್ಬನೇ ಹೋಗಿ ನಗೆಪಾಟಲಾದೇನು ಎಂಬ ಅಳುಕು ಮನುಷ್ಯನನ್ನು ಹೆಚ್ಚಾಗಿ ಕಟ್ಟಿಹಾಕುವುದು. ಪರಿಚಿತರ ಹೆಸರುಗಳು ಒಂದರ ಕೆಳಗೊಂದು ಕಾಣಿಸತೊಡಗಿದಾಗ ಆ ಅಳುಕು ಕರಗುತ್ತದೆ. ನೆರೆಯವರು ಹೊರಟಿದ್ದಾರೆ, ನಾವೂ ಹೊರಡೋಣ ಎಂಬ ಮಾತು ಗುಡಿಯ ಜಾತ್ರೆಗೂ ಚರ್ಚಿನ ಹಬ್ಬಕ್ಕೂ ಸಲ್ಲುವಂತೆ ಇಲ್ಲಿಯೂ ಸಂದಿತು.

2017ರ ಮಾರ್ಚ್‌ನಲ್ಲಿ ಸರ್ಕಾರ ಯೋಜನೆಯನ್ನು ಕೈಬಿಟ್ಟಿತು. ಹಸಿರು ನ್ಯಾಯಮಂಡಳಿಯ ತಡೆಯಾಜ್ಞೆಗೂ ರಾಜಕೀಯ ಆರೋಪಗಳಿಗೂ ಇದರಲ್ಲಿ ಪಾಲಿದೆ. ಗೆಲುವೆಲ್ಲವನ್ನೂ ಮೊಬೈಲಿನ ಖಾತೆಗೆ ಬರೆಯುವುದು ಸರಿಯಲ್ಲ.

ಇನ್ನು ನಮ್ಮ ಕಡೆಯ ಮಾತು. 2023-24ರ ಕೇಂದ್ರ ಮುಂಗಡಪತ್ರದಲ್ಲಿ ಭದ್ರಾ ಮೇಲ್ದಂಡೆ ಯೋಜನೆಗೆ 5,300 ಕೋಟಿ ರೂಪಾಯಿ ಘೋಷಣೆಯಾಯಿತು. ಹಣ ಬರಲಿಲ್ಲವೆಂದು ರಾಜ್ಯ ಸರ್ಕಾರ ಮತ್ತೆ ಮತ್ತೆ ದೂರಿದೆ. ಒಂದು ಕಾಲಕ್ಕೆ ಗಾಜಿನ ಬಳೆಗೆ ಹೆಸರಾಗಿದ್ದ ಮತ್ತೋಡಿನಂಥ ಊರುಗಳಲ್ಲಿ ನೀರಿಗಿಂತ ದೊಡ್ಡ ವಿಷಯ ಮತ್ತೇನಿದೆ? ಈ ಕುರಿತ ಸಂದೇಶಗಳು ಕುಟುಂಬದ ಗುಂಪುಗಳಿಗೂ ಬರುತ್ತವೆ. ನಾವು ಓದುತ್ತೇವೆ, ಇನ್ನೊಂದು ಗುಂಪಿಗೆ ದಾಟಿಸುತ್ತೇವೆ. ಬೆಂಗಳೂರಿನವರ ಸಂದೇಶದಲ್ಲಿ ನಿತ್ಯ ಓಡಾಡುವ ರಸ್ತೆಯ ಹೆಸರಿತ್ತು, ಬರಬೇಕಾದ ದಿನವಿತ್ತು, ಗಂಟೆಯಿತ್ತು. ನಮಗೆ ಬರುವ ಸಂದೇಶಗಳಲ್ಲಿ ಹೆಚ್ಚಿನವು ‘ಎಲ್ಲರಿಗೂ ಹಂಚಿ’ ಎಂಬಲ್ಲಿಗೇ ಮುಗಿಯುತ್ತವೆ.